ಜಮಖಾನೆಯ ಎಳೆ, ಕೌದಿಯ ತುಂಡು ಮತ್ತು ಇಂದಿನ ಉಡುಪು ವಿನ್ಯಾಸ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಪಾಲಕರು ಮತ್ತು ವಿದ್ಯಾರ್ಥಿನಿಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಸಾಂಪ್ರದಾಯಿಕ ನೇಯ್ಗೆ ಮತ್ತು ಇಂದಿನ ಉಡುಪು ವಿನ್ಯಾಸ’. ನಾನು ನೇಕಾರಳಲ್ಲ, ವಿನ್ಯಾಸಕಿಯೂ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದ್ದರಿಂದ ಭಾಷೆಯಿಂದಲೇ ಪ್ರಾರಂಭಿಸುತ್ತೇನೆ. ಉರ್ದುವಿನಲ್ಲಿ ನಾವು ‘ತಾನಾ ಬಾನಾ’ ಎನ್ನುತ್ತೇವೆ, ಕನ್ನಡದಲ್ಲಿ ‘ಹಾಸು ಹೊಕ್ಕು’. ಉದ್ದಕ್ಕೆ ಬಿಗಿದ ನೂಲು ಹಾಸು ಅಥವಾ ತಾನಾ, ಅಡ್ಡಕ್ಕೆ ಹೋಗುವ ನೂಲು ಹೊಕ್ಕು ಅಥವಾ ಬಾನಾ. ಎರಡೂ ಭಾಷೆಯವರು ಈ ಜೋಡಿಪದವನ್ನು ಬಟ್ಟೆಗಷ್ಟೇ ಬಳಸದೆ ಬದುಕಿಗೂ ಬಳಸುತ್ತಾರೆ. ಇನ್ನು ದರ್ಜಿ, ಅಸ್ತರು, ರುಮಾಲು, ಪೈಜಾಮ, ಜೇಬು, ಶಾಲು, ಜಮಖಾನೆ ಇವೆಲ್ಲ ಪಾರಸಿ, ಅರಬ್ಬಿಗಳಿಂದ ಉರ್ದು, ದಖನಿಯ ದಾರಿಯಲ್ಲಿ ಕನ್ನಡದ ಮನೆಗೆ ಬಂದು, ಈಗ ಯಾರೂ ‘ನೀವು ಎಲ್ಲಿಯವರು’ ಎಂದು ಕೇಳದಷ್ಟು ಒಳಗಿನವಾಗಿ ಕುಳಿತಿವೆ. ಮಕ್ಕಳಿಗೆ ತರಗತಿಯಲ್ಲಿ ಇಂಥ ಪದಗಳ ಪಟ್ಟಿ ಮಾಡಿಸುತ್ತೇನೆ. ಬಟ್ಟೆಯ ಪದಗಳೇ ಯಾವಾಗಲೂ ಹೆಚ್ಚು ಸಿಗುತ್ತವೆ.

ಈ ಪೈಕಿ ಜಮಖಾನೆಯನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ. ಮದುವೆ ಮನೆಯಲ್ಲಿ, ಸಭೆಯಲ್ಲಿ ಹಾಸುವ ಜಮಖಾನೆಯನ್ನು ನೋಡದವರು ನಮ್ಮಲ್ಲಿಲ್ಲ. ಆದರೆ ಒಂದು ವಿಶೇಷವಾದ ಜಮಖಾನೆ ನಮ್ಮಿಂದ ಬಹಳ ದೂರವಿಲ್ಲದ ಊರಿನಲ್ಲಿ ನೇಯಲ್ಪಡುತ್ತದೆ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ಮುಂದೆ ಹೋದರೆ ನವಲಗುಂದ. ನವಲಗುಂದ ಎಂದರೆ ಹಿರಿಯರಿಗೆ 1980ರ ರೈತ ಹೋರಾಟ ನೆನಪಾಗುತ್ತದೆ, ಕಿರಿಯರಿಗೆ ಮಹದಾಯಿ ನೀರಿನ ಚಳವಳಿ. ಅದೇ ಊರಿನಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತಲೆಮಾರುಗಳಿಂದ ಜಮಖಾನೆ ನೇಯುತ್ತ ಬಂದಿದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆದಿಲಶಾಹಿ ಕಾಲದಲ್ಲಿ ವಿಜಾಪುರದಲ್ಲಿದ್ದ ನೇಕಾರ ಕುಟುಂಬಗಳು ಅಲ್ಲಿನ ಯುದ್ಧ, ಗಲಭೆಗಳ ನಂತರ ಇಲ್ಲಿಗೆ ಬಂದು ನೆಲೆಸಿದವು ಎಂಬ ಮಾತು ಆ ಮನೆತನಗಳಲ್ಲಿ ಉಳಿದುಬಂದಿದೆ.

ಈ ಜಮಖಾನೆ ಸಾಮಾನ್ಯ ಪಟ್ಟೆಪಟ್ಟೆ ಜಮಖಾನೆಯಲ್ಲ. ಸೀರೆಯ ಮಗ್ಗದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ, ಒಂದೇ ಹೊಕ್ಕು ಇಡೀ ಅಗಲವನ್ನು ದಾಟುತ್ತದೆ. ನವಲಗುಂದದಲ್ಲಿ ಹಾಗಲ್ಲ. ಮಗ್ಗ ನೆಟ್ಟಗೆ ನಿಂತಿರುತ್ತದೆ, ಹತ್ತಿಯ ಹಾಸು ಮೇಲಿನಿಂದ ಕೆಳಗೆ ಬಿಗಿದಿರುತ್ತದೆ. ನೇಯುವವಳು ಲಾಳಿ ಎಸೆಯುವುದಿಲ್ಲ, ಬಣ್ಣದ ನೂಲನ್ನು ಬೆರಳಿನಿಂದ ಹಾಯಿಸುತ್ತಾಳೆ. ಕೆಂಪು ನೂಲು ತನ್ನ ಚೌಕದ ಗಡಿಯವರೆಗೆ ಹೋಗಿ ಹಿಂತಿರುಗುತ್ತದೆ, ಪಕ್ಕದ ಹಳದಿ ತನ್ನ ಗಡಿಯವರೆಗೆ ಬಂದು ಹಿಂತಿರುಗುತ್ತದೆ. ಒಂದೇ ಸಾಲಿನಲ್ಲಿ ಹತ್ತು ಬಣ್ಣ ಇದ್ದರೆ ಹತ್ತು ನೂಲಿನ ಉಂಡೆ. ಆಮೇಲೆ ಹಣಿಗೆಯಂಥ ಕಬ್ಬಿಣದ ಪಂಜಾದಿಂದ ಹೊಕ್ಕನ್ನು ಕೆಳಕ್ಕೆ ಜಡಿದು ಜಡಿದು ಕೂಡಿಸುತ್ತಾಳೆ. ಹಾಗೆ ಜಡಿದಾಗ ಹಾಸು ಪೂರ್ತಿ ಮುಚ್ಚಿಹೋಗಿ, ಕಣ್ಣಿಗೆ ಹೊಕ್ಕು ಮಾತ್ರ ಕಾಣುತ್ತದೆ. ಚಿತ್ರವನ್ನು ಬಟ್ಟೆಯ ಮೇಲೆ ಬರೆದದ್ದೂ ಅಲ್ಲ, ಹೊಲಿದದ್ದೂ ಅಲ್ಲ, ಬಟ್ಟೆಯೇ ಚಿತ್ರ. ಈ ವಿಧಾನಕ್ಕೆ ಜಗತ್ತಿನಲ್ಲಿ ಟೇಪೆಸ್ಟ್ರಿ ನೇಯ್ಗೆ ಎನ್ನುತ್ತಾರೆ. 1662ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ದೊರೆ ಗೋಬೆಲಿನ್ ಎಂಬ ಕಾರ್ಖಾನೆಯನ್ನು ರಾಜಾಶ್ರಯಕ್ಕೆ ತೆಗೆದುಕೊಂಡು ಅರಮನೆಯ ಗೋಡೆಗಳಿಗೆ ನೇಯಿಸಿದ್ದು ಇದೇ ತತ್ವದ ಬಟ್ಟೆ. ತುರ್ಕಿಯ ಕಿಲಿಮ್, ಕಾಶ್ಮೀರದ ಕಾನಿ ಶಾಲು, ಮಹಾರಾಷ್ಟ್ರದ ಪೈಠಣಿ ಸೀರೆಯ ಸೆರಗು ಎಲ್ಲವೂ ಇದೇ ಕುಟುಂಬದವು.

ನವಲಗುಂದದ ಜಮಖಾನೆಯ ಮುಖ್ಯ ಚಿತ್ರ ನವಿಲು. ಊರಿನ ಹೆಸರಿನಲ್ಲೇ ನವಿಲಿದೆಯಲ್ಲ! ಪಗಡೆಯ ಹಾಸು, ಹೂವು, ರೇಖಾಕೃತಿಗಳೂ ಬರುತ್ತವೆ. ನಮಾಜಿಗೆ ಬಳಸುವ ಜಾನಮಾಜ್‌ಗಳನ್ನೂ ಇಲ್ಲಿ ನೇಯುತ್ತಾರೆ. ನವಿಲಿನ ಕತ್ತು ಬಾಗಿದ್ದರೂ ಹತ್ತಿರದಿಂದ ನೋಡಿದರೆ ಅದು ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಯಾಕೆಂದರೆ ಗಡಿ ಒಂದೊಂದು ಹಾಸಿನ ಎಳೆ ಸರಿದು ಮುಂದೆ ಹೋಗಬೇಕು. ಎಷ್ಟು ಎಳೆಗೆ ಎಷ್ಟು ಸಾಲು ಎಂಬ ಎಣಿಕೆ ತಪ್ಪಿದರೆ ನವಿಲು ಕೋಳಿಯಾಗುತ್ತದೆ. ಗಣಿತ ಬರುವುದಿಲ್ಲ ಎಂದು ನಾವು ಎಷ್ಟೋ ಹುಡುಗಿಯರನ್ನು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಶಾಲೆಯ ಮುಖ ನೋಡದ ಹೆಂಗಸರು ಈ ಎಣಿಕೆಯನ್ನು ಕಾಗದವಿಲ್ಲದೆ ತಲೆಯಲ್ಲಿ ಇಟ್ಟುಕೊಂಡಿದ್ದರು.

ಆದರೆ ಅಲ್ಲೊಂದು ಪದ್ಧತಿಯಿತ್ತು. ಈ ಹುನರನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು. ಮಗಳು ಬೇರೆ ಮನೆಗೆ ಹೋಗುವವಳು, ಗುಟ್ಟು ಅವಳ ಜೊತೆ ಹೊರಟುಹೋಗುತ್ತದೆ ಎಂಬ ಭಯ. ವ್ಯಾಪಾರದ ದೃಷ್ಟಿಯಿಂದ ಅಂದಿಗೆ ಅದು ಜಾಣತನವೇ ಇರಬಹುದು. ಆದರೆ ನನಗೆ ಇದನ್ನು ಓದಿದಾಗ ಸಂಕಟವಾಯಿತು. ತಾಯಿಯ ಪಕ್ಕದಲ್ಲಿ ಕುಳಿತು ಹದಿನೈದು ವರ್ಷ ಆ ಬೆರಳುಗಳನ್ನು ನೋಡುತ್ತ ಬೆಳೆದವಳಿಗೆ ಕಲಿಯುವ ಹಕ್ಕಿಲ್ಲ! ಗುಟ್ಟನ್ನು ಕಾಪಾಡುವ ನಿಯಮ, ಕಲಿಯುವವರನ್ನು ಕಡಿಮೆ ಮಾಡುತ್ತ ಬಂತು. ಪವರ್‌ಲೂಮಿನ ಅಗ್ಗದ ಜಮಖಾನೆ, ಆಮೇಲೆ ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಬೇಡಿಕೆಯೂ ಇಳಿಯಿತು. ಈಗ ನೇಯುವ ಮನೆಗಳು ಕೆಲವೇ ಕೆಲವು. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ತರಬೇತಿಯ ಪ್ರಯತ್ನ ಮಾಡಿದೆ, ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪು ವಿನ್ಯಾಸ ಕಲಿಸುವ ವಿಭಾಗವೇ ಇದ್ದು, ಉತ್ತರ ಕರ್ನಾಟಕದ ಇಂಥ ನೇಯ್ಗೆಗಳ ಅಧ್ಯಯನ ಅಲ್ಲಿ ನಡೆಯುತ್ತದೆ.

ಭೌಗೋಳಿಕ ಸೂಚಕ ಎಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ನಮ್ಮ ಶಿರಸಿ ಅಡಿಕೆಗೇ ಆ ಮಾನ್ಯತೆ ಬಂತು. ಆದರೆ ಒಂದು ಮಾತು ನೆನಪಿಡಬೇಕು. ಅದು ಹೆಸರಿಗೆ ಕಾವಲು, ಹೊಟ್ಟೆಗೆ ಅನ್ನವಲ್ಲ. ಕಾವಲು ಇದ್ದ ಮೇಲೂ ತೋಟ ಮಾಡುವವರು ಬೇಕು.

ಈಗ ಪಾಲಕರು ಕೇಳಬಹುದು, ಹಾಸುವ ಜಮಖಾನೆಗೂ ಫ್ಯಾಶನ್ನಿಗೂ ಏನು ಸಂಬಂಧ ಎಂದು. ಸಂಬಂಧವಿದೆ. ಇಷ್ಟು ದಪ್ಪ ನೇಯ್ಗೆಯನ್ನು ಸೆಕೆಯ ನಾಡಿನಲ್ಲಿ ಯಾರೂ ಮೈಗೆ ಹಾಕಿಕೊಳ್ಳುವುದಿಲ್ಲ ನಿಜ. ಆದರೆ ಕೈಚೀಲ, ಬೆಲ್ಟು, ಪಾದರಕ್ಷೆಯ ಮೇಲ್ಭಾಗ, ಜಾಕೆಟಿನ ಬೆನ್ನಿನ ಒಂದು ಪಟ್ಟಿ, ಇಂಥವಕ್ಕೆ ಈ ಬಟ್ಟೆ ಚೆನ್ನಾಗಿ ಒದಗುತ್ತದೆ. ಎಳೆ ತೆಳುವಾದರೆ ಬಟ್ಟೆಯೂ ಹಗುರವಾಗುತ್ತದೆ. ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಪದ್ಧತಿಯಿದೆ. ಗುಳೇದಗುಡ್ಡದ ಖಣ ಕುಪ್ಪಸಕ್ಕಷ್ಟೇ ಮೀಸಲಾಗಿತ್ತು, ಈಗ ಅದೇ ಖಣ ಕುರ್ತಾ, ಚೀಲ, ಟೊಪ್ಪಿಗೆಯಾಗಿ ಬೆಂಗಳೂರಿನ ಅಂಗಡಿಗಳಲ್ಲಿ ಕುಳಿತಿದೆ. ಬಟ್ಟೆ ಹಳೆಯದು, ಕತ್ತರಿ ಹೊಸದು.

ಸಿದ್ದಾಪುರದವರು ದೂರ ಹೋಗಬೇಕಾಗಿಯೇ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಸಹಜ ಬಣ್ಣ ಹಾಕುವುದನ್ನು ಮಾಡಿ ತೋರಿಸಿದೆ. ಅಲ್ಲಿ ಕೆಂಪುಗಂದು ಬಣ್ಣ ಬರುವುದು ಯಾವುದರಿಂದ? ಅಡಿಕೆ ಬೇಯಿಸಿದ ಚೊಗರಿನಿಂದ. ಸುಗ್ಗಿಯಲ್ಲಿ ಅಂಗಿಗೆ ಚೊಗರು ತಾಗಿತೆಂದು ನಾವು ಮಕ್ಕಳನ್ನು ಬೈಯುತ್ತೇವೆ, ಆ ಕಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹೋಗದ ಕಲೆಗೇ ಇನ್ನೊಂದು ಹೆಸರು ಗಟ್ಟಿಯಾದ ಬಣ್ಣ!

ಈಗ ನಮ್ಮದೇ ಕಾಡಿನೊಳಗೆ ಬರೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಬಂಧುಗಳು ಈ ಸಭೆಯಲ್ಲೂ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಕೆಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರಿಗೆ ಈ ಕಾಡು ಆಸರೆಯಾಯಿತು. ದಖನದ ಇತಿಹಾಸದಲ್ಲಿ ಸಿದ್ದಿಗಳು ಸೇನಾಪತಿಗಳೂ ಆಗಿದ್ದರು. ಅಹಮದನಗರದ ಮಲಿಕ್ ಅಂಬರ್, ವಿಜಾಪುರದ ಇಖ್ಲಾಸ್ ಖಾನ್ ಹೆಸರನ್ನು ಮಕ್ಕಳು ಓದಿರಬೇಕು. ಸಿದ್ದಿಗಳಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

ಈ ಸಿದ್ದಿ ಹೆಂಗಸರ ಕೈಯಲ್ಲಿ ಕೌದಿಯೊಂದು ಕಲೆಯಾಗಿದೆ. ಅವರು ಅದಕ್ಕೆ ಕವಂದಿ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಗೋದಡಿ. ಇದು ನೇಯ್ಗೆಯಲ್ಲ, ನೇಯ್ದು, ಉಟ್ಟು, ಸವೆದ ಬಟ್ಟೆಗೆ ಕೊಡುವ ಎರಡನೆಯ ಜನ್ಮ. ಕೆಳಗೆ ಹಳೆಯ ಹತ್ತಿ ಸೀರೆ ಹಾಸಿ, ಒಂದು ಮೂಲೆಯಿಂದ ಪ್ರಾರಂಭಿಸುತ್ತಾರೆ. ತುಂಡಿನ ಅಂಚನ್ನು ಒಳಗೆ ಮಡಿಸಿ, ಎಲ್ಲ ಪದರಗಳನ್ನೂ ಸೇರಿಸಿ ಸಾಲುಹೊಲಿಗೆ ಹಾಕುತ್ತ, ಹೊರ ಅಂಚಿನಿಂದ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ತುಂಡುಗಳನ್ನು ಜೋಡಿಸಿಟ್ಟುಕೊಂಡು ಆಮೇಲೆ ಹೊಲಿಯುವುದಲ್ಲ. ಹೊಲಿಯುತ್ತ ಹೊಲಿಯುತ್ತ ಮುಂದಿನ ಬಣ್ಣ ಯಾವುದು ಎಂದು ನಿರ್ಧರಿಸುತ್ತಾರೆ. ಅಷ್ಟೂ ಆದ ಮೇಲೆ ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ಬಟ್ಟೆಯ ‘ಫೂಲ’ ಹೊಲಿಯುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಕವಂದಿ ಎಂಬ ಮಾತಿದೆ. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳು ಅಕ್ಕಿ ಇಡುವ ರೂಢಿಯೂ ಕೆಲವರಲ್ಲಿದೆ, ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ಮುಸ್ಲಿಂ ಸಿದ್ದಿಗಳ ಕವಂದಿಯಲ್ಲಿ ಅರ್ಧಚಂದ್ರ, ಕ್ರೈಸ್ತರ ಕವಂದಿಯಲ್ಲಿ ಶಿಲುಬೆ ಕಾಣುವುದುಂಟು. ಆದರೆ ಹೊಲಿಗೆ ಎಲ್ಲರದೂ ಒಂದೇ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕವಂದಿಗಳನ್ನು ಅಭ್ಯಾಸ ಮಾಡಿದರು. ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಕೂಟವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನವಾಯಿತು. ನಮ್ಮ ಯಲ್ಲಾಪುರ ಸೀಮೆಯ ಅಜ್ಜಿಯರು ಹೊಲಿದದ್ದನ್ನು ನ್ಯೂಯಾರ್ಕಿನವರು ಗೋಡೆಗೆ ಹಾಕಿ ನಿಂತು ನೋಡಿದರು. ಈಗ ಹೊರದೇಶದ ಹೊಲಿಗೆ ಹವ್ಯಾಸಿಗಳು ‘ಕವಂದಿ’ ಎಂಬ ಹೆಸರಿನಲ್ಲೇ ಇದನ್ನು ಕಲಿಯುತ್ತಿದ್ದಾರೆ. ಉರ್ದುವಿನಲ್ಲಿ ‘ಗುದಡಿ ಕಾ ಲಾಲ್’ ಎನ್ನುತ್ತೇವೆ, ಚಿಂದಿಯಲ್ಲಿ ಹುದುಗಿದ ಮಾಣಿಕ್ಯ ಎಂದು. ಇಲ್ಲಿ ಗುದಡಿಯೇ ಮಾಣಿಕ್ಯವಾಗಿದೆ.

ಉಡುಪು ವಿನ್ಯಾಸದ ಲೋಕದಲ್ಲಿ ಕೌದಿಗೆ ಬೆಲೆ ಬಂದಿದೆ. ನ್ಯೂಯಾರ್ಕಿನಲ್ಲಿ 2016ರಲ್ಲಿ ಪ್ರಾರಂಭವಾದ ‘ಬೋಡ್’ ಎಂಬ ಸಂಸ್ಥೆ ಹಳೆಯ ಕೌದಿಗಳನ್ನೇ ಕತ್ತರಿಸಿ ಗಂಡಸರ ಜಾಕೆಟ್ ಮಾಡಿ ಹೆಸರಾಯಿತು. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಹೆಂಗಸರೂ ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರು, ಬಡವರು, ಹಳೆ ಬಟ್ಟೆಯಲ್ಲಿ ಕೌದಿ ಹೊಲಿಯುವವರು. ಅವರ ಕೌದಿಗಳು 2002ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಹೋದವು, 2006ರಲ್ಲಿ ಅಂಚೆಚೀಟಿಯ ಮೇಲೆ ಬಂದವು. ಪ್ಯಾರಿಸ್ಸಿನ ಕ್ಲೋಯೆ ಎಂಬ ಉಡುಪಿನ ಮನೆತನ ಅವರ ಜೊತೆ ಕೆಲಸ ಮಾಡಿತು. ಇಲ್ಲಿಯವರೆಗೆ ಕೇಳಿದರೆ ಬಹಳ ಸಂತೋಷದ ಕಥೆ. ಆದರೆ 2007ರಲ್ಲಿ ಅಲ್ಲಿನ ಮೂವರು ಹೆಂಗಸರು, ನಮ್ಮ ಕೆಲಸದಿಂದ ಬಂದ ಹಣದಲ್ಲಿ ನಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲ ಎಂದು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮರುವರ್ಷ ಅದು ಇತ್ಯರ್ಥವಾಯಿತು. 2024ರಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಮೂಹ ಅಲ್ಲಿನ ಐವರ ವಿನ್ಯಾಸಗಳನ್ನು ಬಟ್ಟೆ, ಸಾಮಾನುಗಳ ಮೇಲೆ ಅಚ್ಚು ಹಾಕಿ ದೇಶದ ತುಂಬ ಮಾರಿದಾಗಲೂ, ಅವರಿಗೆ ಸಿಕ್ಕಿದ್ದು ಒಂದು ಬಾರಿಯ ಗೊತ್ತಾದ ಮೊತ್ತ. ಎಷ್ಟು ಮಾರಿದರೂ ಅದರ ಮೇಲೆ ಪಾಲಿಲ್ಲ ಎಂಬ ವರದಿ ಬಂತು.

ನಮ್ಮಲ್ಲೂ ಇದು ಹೊಸದಲ್ಲ. ಮಾವಿನಕಾಯಿ ಬುಟ್ಟಾ ಎಂದು ನಮ್ಮ ತಾಯಂದಿರು ಕರೆಯುವ ಆಕಾರಕ್ಕೆ ಇಡೀ ಜಗತ್ತು ‘ಪೇಸ್ಲಿ’ ಎನ್ನುತ್ತದೆ. ಪೇಸ್ಲಿ ಸ್ಕಾಟ್ಲೆಂಡಿನ ಒಂದು ಊರು. ಕಾಶ್ಮೀರದ ಶಾಲನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಮಗ್ಗದಲ್ಲಿ ನಕಲು ಮಾಡಿ ಅಗ್ಗಕ್ಕೆ ಮಾರಿದ್ದು ಆ ಊರು. ಶಾಲು ನೇಯ್ದ ಕಾಶ್ಮೀರಿಯ ಹೆಸರು ಹೋಯಿತು, 1870ರ ದಶಕದಲ್ಲಿ ಅವನ ವ್ಯಾಪಾರವೂ ಕುಸಿಯಿತು, ನಕಲು ಮಾಡಿದ ಊರಿನ ಹೆಸರು ಉಳಿಯಿತು. ತೀರ ಇತ್ತೀಚೆಗೆ 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನು ಮೂಲ ಹೇಳದೆ ತೋರಿಸಿತು. ಕೊಲ್ಹಾಪುರಿಯ ಭೌಗೋಳಿಕ ಸೂಚಕ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಗಲಾಟೆಯಾದ ಮೇಲೆ ಅವರು ಮೂಲವನ್ನು ಒಪ್ಪಿಕೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮದ ಜೊತೆ ಒಪ್ಪಂದ ಮಾಡಿಕೊಂಡರು. ಬಾಯಿಬಿಟ್ಟು ಕೇಳಿದವರಿದ್ದರು, ಆದ್ದರಿಂದ ಅಷ್ಟಾದರೂ ಆಯಿತು.

ಈಗ ಒಂದು ಸಣ್ಣ ಲೆಕ್ಕ. ಮಕ್ಕಳು ಬೆರಳು ಮಡಿಸಿ. ಒಬ್ಬ ತಾಯಿ ಮನೆಗೆಲಸ ಮುಗಿಸಿ ದಿನಕ್ಕೆ ಮೂರು ಗಂಟೆ ಹೊಲಿಯುತ್ತಾಳೆ, ನಲವತ್ತು ದಿನಕ್ಕೆ ಒಂದು ಕೌದಿ ಮುಗಿಯುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು 120 ಗಂಟೆ. ಎಂಟು ಗಂಟೆಯ ಒಂದು ಆಳು ಎಂದರೆ 15 ಆಳು. ತೋಟದ ಕೆಲಸದ ಕೂಲಿ ದಿನಕ್ಕೆ 400 ರೂಪಾಯಿ ಎಂದು ಹಿಡಿದರೂ 6,000 ರೂಪಾಯಿ ಆಯಿತು. ಬಟ್ಟೆಯ ಲೆಕ್ಕ ಇಲ್ಲ, ಕಣ್ಣಿನ ಲೆಕ್ಕ ಇಲ್ಲ, ಬಣ್ಣ ಕೂಡಿಸುವ ಬುದ್ಧಿಯ ಲೆಕ್ಕವಂತೂ ಇಲ್ಲವೇ ಇಲ್ಲ. ಯಾರಾದರೂ ಕಾರಿನಲ್ಲಿ ಬಂದು 1,500 ರೂಪಾಯಿ ಕೊಟ್ಟು ಒಯ್ದರೆ ನಾವು ‘ಹಳೆ ಬಟ್ಟೆಗೆ ಇಷ್ಟು ಕೊಟ್ಟರಲ್ಲ’ ಎಂದು ಚಹಾ ಕುಡಿಸಿ ಕಳಿಸುತ್ತೇವೆ. ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಹೀಗೇ ಆಯಿತು. ಅವಳೇ ತರಗತಿಯಲ್ಲಿ ಈ ಲೆಕ್ಕ ಮಾಡಿ, ಉತ್ತರ ಬಂದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ಹಾಗಾದರೆ ನಮ್ಮ ಹೆಣ್ಣುಮಕ್ಕಳು ಎಲ್ಲರೂ ಕೌದಿ ಹೊಲಿಯಲಿ ಎನ್ನುತ್ತೇನೆಯೇ? ಖಂಡಿತ ಇಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ‘ಟೀಚರೇ ಹೇಳಿದ್ದಾರೆ, ಹೊಲಿಗೆಯಲ್ಲಿ ಒಳ್ಳೆ ಭವಿಷ್ಯವಿದೆ’ ಎಂದು ಎಸ್ಸೆಸ್ಸೆಲ್ಸಿ ಆದ ಹುಡುಗಿಯನ್ನು ಮನೆಯಲ್ಲಿ ಕೂರಿಸುವವರು ದಯವಿಟ್ಟು ನನ್ನ ಹೆಸರು ಹೇಳಬೇಡಿ. ಸೂಜಿ ಹಿಡಿಯುವವಳು ಒಬ್ಬಳು, ಒಪ್ಪಂದದ ಕಾಗದ ಓದುವವರು ಇನ್ನೊಬ್ಬರು, ಬಟ್ಟೆಯ ಮೇಲೆ ಹೆಸರು ಹಾಕಿಕೊಳ್ಳುವವರು ಮತ್ತೊಬ್ಬರು ಆದಾಗಲೇ ಗೀಸ್ ಬೆಂಡಿನಲ್ಲಿ ಆದದ್ದು ಆಗುತ್ತದೆ. ಹುಡುಗಿಗೆ ಸೂಜಿಯೂ ಗೊತ್ತಿರಲಿ, ಕಾಗದವೂ ಗೊತ್ತಿರಲಿ. ಒಂದು ಬಾರಿಯ ಮೊತ್ತ ಎಂದರೇನು, ಮಾರಾಟದ ಮೇಲಿನ ಪಾಲು ಎಂದರೇನು ಎಂದು ಓದಿ ತಿಳಿಯುವಷ್ಟು ಕನ್ನಡ, ಇಂಗ್ಲಿಷ್, ಲೆಕ್ಕ ಅವಳಿಗೆ ಬರಲಿ.

ಇನ್ನೊಂದು ಭಯವೂ ನಮ್ಮಲ್ಲಿದೆ. ಫ್ಯಾಶನ್ ಡಿಸೈನ್ ಎಂದೊಡನೆ ಟಿವಿಯಲ್ಲಿ ಬರುವ ನಡಿಗೆಯ ಪ್ರದರ್ಶನವೇ ಕಣ್ಣ ಮುಂದೆ ಬರುತ್ತದೆ. ಒಬ್ಬ ತಂದೆ ನನ್ನ ಹತ್ತಿರ ಬಂದು, ‘ಮೇಡಂ, ಇದು ನಮ್ಮ ಮನೆತನಕ್ಕೆ ಒಗ್ಗುವುದಲ್ಲ’ ಎಂದರು. ಅವರು ಸ್ವತಃ ದರ್ಜಿ! ಮೂವತ್ತು ವರ್ಷದಿಂದ ಅವರು ಮಾಡುತ್ತಿರುವುದು ಮತ್ತೇನು? ಅಳತೆ, ಕತ್ತರಿ, ಬಟ್ಟೆಯ ಬೀಳುವಿಕೆ, ಯಾವ ಮೈಗೆ ಯಾವ ಕಟ್ಟು, ಇದೇ ವಿನ್ಯಾಸದ ಮೂಲಪಾಠ. ವಿನ್ಯಾಸದ ಶಿಕ್ಷಣದಲ್ಲಿ ನೂಲಿನ ವಿಜ್ಞಾನ, ಬಣ್ಣದ ರಸಾಯನ, ನೇಯ್ಗೆ, ಲೆಕ್ಕಪತ್ರ, ಮಾರುಕಟ್ಟೆ ಎಲ್ಲ ಇರುತ್ತವೆ. ಮೈತುಂಬ ಉಡುವ ಉಡುಪಿಗೂ ವಿನ್ಯಾಸಕರು ಬೇಕು. ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕೆ ತೊಡುವ ಉಡುಪುಗಳೆಲ್ಲ ಎಲ್ಲಿಂದಲೋ ಹೊಲಿದು ಬರುತ್ತಿವೆ, ಅವುಗಳ ಕಸೂತಿ ಯಾರದೋ ಯೋಚನೆ. ಅದು ನಮ್ಮ ಮಗಳ ಯೋಚನೆಯಾಗಬಾರದೇಕೆ?

ದಾರಿಗಳು ದೂರವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಷಯ ಆಗಲೇ ಹೇಳಿದೆ, ಶಿರಸಿಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಗದಗದಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಕಲಿಸುವ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಖರ್ಚೂ ಹೆಚ್ಚು. ಆ ಖರ್ಚಿನ ವಿಷಯದಲ್ಲಿ ಸಂಘದ ಹಿರಿಯರು ಏನಾದರೂ ಮನಸ್ಸು ಮಾಡಬೇಕೆಂದು ಈ ವೇದಿಕೆಯಿಂದಲೇ ವಿನಂತಿಸುತ್ತೇನೆ. ವೈದ್ಯಕೀಯ, ಇಂಜಿನಿಯರಿಂಗ್ ಓದುವವರಿಗೆ ನೆರವು ಕೊಡುತ್ತೇವೆ, ಒಳ್ಳೆಯದೇ. ಅದೇ ಪಟ್ಟಿಯಲ್ಲಿ ಜವಳಿ ಓದುವ ಒಬ್ಬ ಹುಡುಗಿಯ ಹೆಸರು ಸೇರಿದರೆ ಪಟ್ಟಿಯ ತೂಕ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ ಮಕ್ಕಳಿಗೆ ಒಂದು ಕೆಲಸ. ಬರುವ ತಿಂಗಳ ಮೊದಲ ಶನಿವಾರ ಶಾಲೆಗೆ ನಿಮ್ಮ ಮನೆಯ ಅತಿ ಹಳೆಯ ಗೋದಡಿ, ಕೌದಿ, ಜಮಖಾನೆ ಅಥವಾ ಜಾನಮಾಜ್ ತನ್ನಿ. ಜೊತೆಗೆ ಒಂದು ನೋಟ್‌ಬುಕ್ಕು. ಅದರಲ್ಲಿ ಹೊಲಿದವರ ಹೆಸರು, ಸುಮಾರು ಯಾವ ವರ್ಷ, ಯಾವ ತುಂಡು ಯಾರ ಬಟ್ಟೆಯದು, ಎಷ್ಟು ದಿನ ಹಿಡಿಯಿತು ಇಷ್ಟನ್ನು ಅಜ್ಜಿಯನ್ನು ಕೇಳಿ ಬರೆದು ತನ್ನಿ. ಉರ್ದುವಿನಲ್ಲಾದರೂ ಬರೆಯಿರಿ, ಕನ್ನಡದಲ್ಲಾದರೂ ಬರೆಯಿರಿ, ಎರಡನ್ನೂ ತಿದ್ದುವವಳು ನಾನೇ. ಅಜ್ಜಿಗೆ ಬರಲು ಆಗುವುದಾದರೆ ಕರೆದುಕೊಂಡು ಬನ್ನಿ, ಕುರ್ಚಿ ಹಾಕಿಸುತ್ತೇವೆ. ಕೌದಿಯನ್ನು ತೊಳೆದು ತರಬೇಕಾಗಿಲ್ಲ, ಹರಿದಿದ್ದರೆ ಹರಿದಂತೆಯೇ ಇರಲಿ.